ಗೀರು ಬಿದ್ದ ಸಿಡಿಗಳಿಗೊಂದು ಟ್ರಾನ್ಸ್‌ಪೋರ್ಟ್

ಮುಂಬಯಿ ಪಕ್ಕದ ಡೊಂಬಿವ್ಲಿಯ ನಮ್ಮ ಮನೆಯಲ್ಲಿ ಸಿಡಿಗಳು ಜಾಸ್ತಿ. ಹಾಲ್‌ನ ಒಂದು ಗೋಡೆ ಪೂರ್ತಿ ಅವೇ ಇವೆ. ಹೆಚ್ಚಿನವು ಹಿಂದುಸ್ತಾನಿ ಗಾಯನದವು. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಕುಮಾರ ಗಂಧರ್ವ. ಕೆಲವನ್ನು ಕಾಲಾ ಘೋಡಾದ ರಿದಮ್ ಹೌಸ್‌ನಲ್ಲಿ ಕೊಂಡಿದ್ದೆ. ಆ ಅಂಗಡಿ 2016ರಲ್ಲಿ ಬಾಗಿಲು ಹಾಕಿತು. ಇನ್ನೊಂದಷ್ಟು ಸಿಡಿಗಳು ಯಾವ ಅಂಗಡಿಯಲ್ಲೂ ಸಿಗುವಂಥವಲ್ಲ. ಮಾಟುಂಗಾ, ಡೊಂಬಿವ್ಲಿ ಕಡೆಯ ಬೈಠಕ್‌ಗಳಲ್ಲಿ (ಚಿಕ್ಕ ಸಂಗೀತ ಕೂಟಗಳಲ್ಲಿ) ಯಾರೋ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಸಿಡಿಗೆ ಇಳಿಸಿ, ಮೇಲೆ ಕಾಗದದ ಚೀಟಿ ಅಂಟಿಸಿ ಹಂಚಿದವು. ಧಾರವಾಡದಲ್ಲಿರುವ ನಮ್ಮ ಕಾಕಾ ಕೊಟ್ಟವೂ ಅದರಲ್ಲಿವೆ. ಈ ಚೀಟಿಯ ವಿಷಯ ನೆನಪಿರಲಿ, ಮುಂದೆ ಬರುತ್ತದೆ.

ಇವನ್ನೆಲ್ಲ ನುಡಿಸುತ್ತಿದ್ದ ನನ್ನ ಹಳೆಯ ಸಿಡಿ ಪ್ಲೇಯರ್ ತಕರಾರು ಶುರು ಮಾಡಿತು. ಮೊದಮೊದಲು ಸಿಡಿ ಹಾಕಿದರೆ ಗುರುತು ಹಿಡಿಯಲು ತುಂಬ ಹೊತ್ತು ತೆಗೆದುಕೊಳ್ಳುತ್ತಿತ್ತು. ಆಮೇಲೆ ಉದ್ದದ ಸಿಡಿಗಳ ಕೊನೆಯಲ್ಲಿ ಎಡವತೊಡಗಿತು. ಸಿಡಿಯನ್ನು ಓದುವುದು ಒಳಗಿನಿಂದ ಹೊರಕ್ಕೆ. ತಟ್ಟೆ ಸ್ವಲ್ಪ ಸೊಟ್ಟಗಿದ್ದರೂ ಅದರ ಏರುಪೇರು ಹೊರ ಅಂಚಿನಲ್ಲೇ ಹೆಚ್ಚು. ದಣಿದ ಲೇಸರ್ ಸೋಲುವುದೂ ಅಲ್ಲೇ. ಅಂದರೆ ನಿಧಾನಗತಿಯ ವಿಲಂಬಿತ್ ಎಲ್ಲ ಚೆನ್ನಾಗಿ ಕೇಳಿ, ವೇಗದ ದ್ರುತ್ ಏರಿ ತಾನುಗಳು (ಓಡುವ ಸ್ವರಸಾಲುಗಳು) ಬರುವ ಹೊತ್ತಿಗೆ ಸರಿಯಾಗಿ ಟಕ್ ಟಕ್ ಅಂತ ಹಾರುವುದು. ಎಷ್ಟು ಬೇಜಾರಾಗುತ್ತದೆ ಅಂತ ಕೇಳುವವರಿಗೆ ಗೊತ್ತು.

ರಿಪೇರಿಗೆ ಕೊಟ್ಟೆ. ಲೆನ್ಸ್ ಒರೆಸಿಕೊಟ್ಟರು, ಸ್ವಲ್ಪ ದಿನ ನಡೆಯಿತು. ಆಮೇಲೆ ಲೇಸರನ್ನೇ ಬದಲಿಸಬೇಕು ಅಂದರು. ಆ ಮಾಡೆಲ್‌ನ ಅಸಲಿ ಲೇಸರ್ ಈಗ ತಯಾರಾಗುವುದಿಲ್ಲ. ಅದರಂತೆಯೇ ಕಾಣುವ ನಕಲು ಸಿಗುತ್ತದೆ, ಒಂದು ಇದ್ದಂತೆ ಇನ್ನೊಂದು ಇರುವುದಿಲ್ಲ. ನನಗೆ ಸಿಕ್ಕಿದ್ದು ಬೇಗ ಸೋತಿತು. ಆಗ ಟ್ರಾನ್ಸ್‌ಪೋರ್ಟ್ ಕಡೆ ಯೋಚನೆ ಹೋಯಿತು.

ಟ್ರಾನ್ಸ್‌ಪೋರ್ಟ್ ಅಂದರೆ ಅರ್ಧ ಸಿಡಿ ಪ್ಲೇಯರ್. ಮಾಮೂಲಿ ಪ್ಲೇಯರ್‌ನಲ್ಲಿ ಎರಡು ಕೆಲಸ ನಡೆಯುತ್ತವೆ. ತಟ್ಟೆ ತಿರುಗಿಸಿ ಅಂಕಿಗಳನ್ನು ಓದುವುದು ಒಂದು. ಆ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಮಾಡುವುದು ಇನ್ನೊಂದು. ಎರಡನೆಯದನ್ನು ಮಾಡುವ ಭಾಗಕ್ಕೆ ಡ್ಯಾಕ್ ಅನ್ನುತ್ತಾರೆ. ಟ್ರಾನ್ಸ್‌ಪೋರ್ಟ್‌ನಲ್ಲಿ ಡ್ಯಾಕ್ ಇಲ್ಲ. ಅದು ಓದಿ, ಡಿಜಿಟಲ್ ತಂತಿಯಲ್ಲಿ ಹೊರಗೆ ಕಳಿಸುತ್ತದೆ, ಅಷ್ಟೇ. ನನ್ನ ಬಳಿ ಒಳ್ಳೆಯ ಡ್ಯಾಕ್ ಮೊದಲೇ ಇತ್ತು. ಲ್ಯಾಪ್‌ಟಾಪಿಗೆಂದು ಕೊಂಡಿದ್ದೆ. ಅದರಲ್ಲಿ ಕೋಆಕ್ಸಿಯಲ್ (ಲೋಹದ ತಂತಿಯದು), ಆಪ್ಟಿಕಲ್ (ಬೆಳಕಿನದು) ಎರಡೂ ಇನ್‌ಪುಟ್ ಇವೆ. ಬರುತ್ತಿರುವ ಸಿಗ್ನಲ್ ಎಷ್ಟು ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ದನಿಯ ಎಷ್ಟು ಸಾವಿರ ಮಾದರಿ (ಅಳತೆ) ಅಂತ ತೋರಿಸುವ ಪುಟ್ಟ ಡಿಸ್‌ಪ್ಲೇ ಕೂಡ ಇದೆ. ಈ ಡಿಸ್‌ಪ್ಲೇ ಮುಂದೆ ಬಹಳ ಉಪಯೋಗಕ್ಕೆ ಬಂತು.

ಕೊಳ್ಳುವ ಮೊದಲು ಒಂದು ಪ್ರಶ್ನೆ ಬಗೆಹರಿಯಬೇಕಿತ್ತು. ಓದುವುದು ಅಂಕಿಗಳನ್ನೇ ತಾನೇ? ಸಾವಿರ ರೂಪಾಯಿಯ ಡಿವಿಡಿ ಪ್ಲೇಯರ್ ಓದಿದರೂ ಅದೇ ಅಂಕಿ, ಲಕ್ಷ ರೂಪಾಯಿಯ ಪೆಟ್ಟಿಗೆ ಓದಿದರೂ ಅದೇ ಅಂಕಿ. ಹಾಗಾದರೆ ದುಡ್ಡು ಯಾತಕ್ಕೆ? ಇದರಲ್ಲಿ ಎರಡು ಪಂಗಡ. ಒಬ್ಬರು ವ್ಯತ್ಯಾಸವೇ ಇಲ್ಲ ಅನ್ನುತ್ತಾರೆ. ಇನ್ನೊಬ್ಬರು ಭಾರದ ಪೆಟ್ಟಿಗೆ ತಂದರೆ ಗಾಯಕ ಎದುರಿಗೇ ಕೂತ ಹಾಗೆ ಅನ್ನುತ್ತಾರೆ. ಎರಡನ್ನೂ ಸುಮ್ನೆ ನಂಬುವುದು ನನಗೆ ಇಷ್ಟವಿರಲಿಲ್ಲ. ನನ್ನ ಸಿಡಿಗಳಲ್ಲೇ ಪರೀಕ್ಷೆ ಮಾಡೋಣ ಅಂತ ಹೊರಟೆ.

ಅದಕ್ಕೂ ಮೊದಲು ಸಿಡಿ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಓದಿಕೊಂಡೆ. ಫಿಲಿಪ್ಸ್ ಮತ್ತು ಸೋನಿ ಸೇರಿ ಮಾಡಿದ ಈ ವ್ಯವಸ್ಥೆ 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಸೆಕೆಂಡಿಗೆ 44,100 ಮಾದರಿ, ಒಂದೊಂದೂ 16 ಬಿಟ್, ಎಡಕ್ಕೊಂದು ಬಲಕ್ಕೊಂದು. ಅಂಕಿಗಳು ಸುರುಳಿಯಾಗಿ ಸುತ್ತುವ ಸಾಲಿನಲ್ಲಿರುತ್ತವೆ, ಸಾಲಿನಿಂದ ಸಾಲಿಗೆ 1.6 ಮೈಕ್ರಾನ್ ಅಂತರ. ಅಂದರೆ ಒಂದು ಮಿಲಿಮೀಟರಿನಲ್ಲಿ ಆರುನೂರಕ್ಕೂ ಹೆಚ್ಚು ಸಾಲು. ಒಳಗೆ ನಿಮಿಷಕ್ಕೆ ಸುಮಾರು 500 ಸುತ್ತು, ಹೊರಗೆ ಬರುತ್ತಾ ಸುಮಾರು 200. ತಟ್ಟೆ ತಿರುಗುತ್ತಾ ಸ್ವಲ್ಪ ಮೇಲೆ ಕೆಳಗೆ, ಆಚೆ ಈಚೆ ಓಲಾಡುತ್ತದೆ. ಲೆನ್ಸ್ ಅದರ ಜೊತೆಗೇ ಓಲಾಡುತ್ತಾ ಸಾಲು ಬಿಡದೆ ಹೋಗಬೇಕು. ಇಂಥ ಯಂತ್ರ ನಮ್ಮ ಮನೆಯ ಕಪಾಟಿನಲ್ಲಿ ಕೂತು ವರ್ಷಗಟ್ಟಲೆ ನಡೆಯುತ್ತದಲ್ಲ, ನನಗೆ ಇವತ್ತಿಗೂ ಅದು ದೊಡ್ಡ ವಿಷಯವೇ.

ಗೀರು ಬಿದ್ದರೂ ಸಿಡಿ ಹಾಡುವುದಕ್ಕೆ ಕಾರಣ ಅದರ ತಪ್ಪು ತಿದ್ದುವ ಏರ್ಪಾಡು. ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಹೋಗುವವರು ದುಡ್ಡನ್ನು ಒಂದೇ ಜೇಬಿನಲ್ಲಿ ಇಡುವುದಿಲ್ಲ, ನಾಲ್ಕು ಕಡೆ ಹಂಚಿ ಇಡುತ್ತಾರೆ. ಒಂದು ಜೇಬು ಹೋದರೂ ಊಟಕ್ಕೆ ತೊಂದರೆಯಿಲ್ಲ. ಸಿಡಿಯಲ್ಲೂ ಹಾಗೇ. ಒಂದು ಕ್ಷಣದ ಸಂಗೀತ ಒಂದೇ ಜಾಗದಲ್ಲಿ ಇರುವುದಿಲ್ಲ, ಹರಡಿಕೊಂಡಿರುತ್ತದೆ. ಜೊತೆಗೆ ಲೆಕ್ಕ ತಾಳೆ ನೋಡುವ ಹೆಚ್ಚುವರಿ ಅಂಕಿಗಳೂ ಇರುತ್ತವೆ. ಸಾಲಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಹಾಳಾದರೂ ಮೂಲ ಅಂಕಿಗಳನ್ನು ಪೂರ್ತಿ ವಾಪಸ್ ಪಡೆಯಬಹುದು. ಅದಕ್ಕೇ ಸಿಡಿಯನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು ಅನ್ನುವುದು. ಸುತ್ತ ಒರೆಸಿ ಗೀರು ಬಿದ್ದರೆ ಅದು ಸಾಲಿನ ಉದ್ದಕ್ಕೇ ಬೀಳುತ್ತದೆ. ಆಗ ಈ ಏರ್ಪಾಡು ಸೋಲುತ್ತದೆ.

ಸೋತಾಗ ಏನಾಗುತ್ತದೆ ಅನ್ನುವುದು ನನಗೆ ಹೊಸ ವಿಷಯವಾಗಿತ್ತು. ಸೋತ ಕೂಡಲೇ ಹಾಡು ಹಾರುವುದಿಲ್ಲ. ಪ್ಲೇಯರ್ ಮೊದಲು ಊಹೆ ಮಾಡುತ್ತದೆ. ಆಚೆ ಈಚೆಯ ಅಂಕಿಗಳನ್ನು ನೋಡಿ ನಡುವಿನದನ್ನು ತುಂಬಿಬಿಡುತ್ತದೆ. ಅದೂ ಆಗದಿದ್ದರೆ ಒಂದು ಕ್ಷಣ ಸುಮ್ಮನಾಗುತ್ತದೆ. ಅಂದರೆ ಹಾರದೆ ನುಡಿಯಿತು ಅಂದ ಮಾತ್ರಕ್ಕೆ ಸರಿಯಾಗಿ ಓದಿತು ಅಂತಲ್ಲ. ‘ಎಲ್ಲ ಅದೇ ಅಂಕಿ’ ಅನ್ನುವ ಮಾತು ಶುದ್ಧವಾದ ಸಿಡಿಗೆ ಸರಿ. ಗೀರು ಬಿದ್ದ ಸಿಡಿಗೆ ಯಾವ ಪೆಟ್ಟಿಗೆ ಓದುತ್ತಿದೆ ಅನ್ನುವುದರ ಮೇಲೆ ಹೋಗುತ್ತದೆ.

ಮೊದಲು ಕಡಿಮೆ ಖರ್ಚಿನ ದಾರಿ ನೋಡಿದೆ. ಡೊಂಬಿವ್ಲಿಯಿಂದ ದಾದರ್, ಅಲ್ಲಿ ಸೇತುವೆ ದಾಟಿ ವೆಸ್ಟರ್ನ್ ಲೈನ್, ಗ್ರ್ಯಾಂಟ್ ರೋಡಿನಲ್ಲಿ ಇಳಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್ ನಡೆದು ಹೋಗುವಷ್ಟು ದೂರ. ಬೋರ್ಡಿನಲ್ಲಿ ಅದರ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಬಾಯಲ್ಲಿ ಇನ್ನೂ ಲ್ಯಾಮಿಂಗ್ಟನ್ನೇ. ಅಲ್ಲಿ ಹಳೆಯ ಡಿವಿಡಿ ಪ್ಲೇಯರ್‌ಗಳಿಗೆ ಬೆಲೆಯೇ ಇಲ್ಲ. ಕೋಆಕ್ಸಿಯಲ್ ಔಟ್ ಇರುವ ಒಂದನ್ನು ತಂದೆ. ಮನೆಯಲ್ಲಿ ಡ್ಯಾಕ್‌ಗೆ ಜೋಡಿಸಿ ಸಿಡಿ ಹಾಕಿದರೆ ಡಿಸ್‌ಪ್ಲೇಯಲ್ಲಿ 48 ಅಂತ ಬಂತು. ಸಿಡಿಯಿಂದ ಬರಬೇಕಾದದ್ದು 44.1. ಕೆಲವು ಡಿವಿಡಿ ಪ್ಲೇಯರ್‌ಗಳು ಎಲ್ಲವನ್ನೂ ಡಿವಿಡಿಯ 48ಕ್ಕೆ ಬದಲಿಸಿ ಕಳಿಸುತ್ತವೆ. ಅಂದರೆ ಅಂಕಿಗಳು ದಾರಿಯಲ್ಲೇ ಬೇರೆಯಾಗಿಬಿಟ್ಟಿವೆ. ಸೆಟ್ಟಿಂಗ್‌ನಲ್ಲಿ ಹುಡುಕಿದೆ, ಬದಲಿಸುವ ದಾರಿ ಇರಲಿಲ್ಲ. ಅಂಗಡಿಯವರು ತಕರಾರಿಲ್ಲದೆ ಇನ್ನೊಂದು ಕೊಟ್ಟರು. ಅದು 44.1 ತೋರಿಸಿತು. ಹಳೆಯ ಡಿವಿಡಿ ಪ್ಲೇಯರನ್ನು ಟ್ರಾನ್ಸ್‌ಪೋರ್ಟ್ ಮಾಡಿಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ.

ಚೋರ್ ಬಜಾರಿಗೂ ಹೋದೆ. ಮಟನ್ ಸ್ಟ್ರೀಟಿನಲ್ಲಿ ಜಪಾನಿನಿಂದ ಬಂದ ಹಳೆಯ ಪ್ಲೇಯರ್‌ಗಳು ಕಂಡವು. ನೋಡಲು ಎಷ್ಟು ಚೆಂದ! ದಪ್ಪ ಅಲ್ಯೂಮಿನಿಯಂ ಮುಖ, ಎಣ್ಣೆ ಹಾಕಿದ ಹಾಗೆ ಜಾರುವ ಟ್ರೇ. ಆದರೆ ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಮರೆತು ನೇರ ಸಿಕ್ಕಿಸಿದರೆ ಹೊಗೆ. ಅದನ್ನಾದರೂ ನಿಭಾಯಿಸಬಹುದು. ಲೇಸರ್ ಎಷ್ಟು ವರ್ಷ ಉರಿದಿದೆ ಅನ್ನುವುದು ಮಾತ್ರ ಹೊರಗಿನಿಂದ ಗೊತ್ತಾಗುವುದಿಲ್ಲ. ಫಿಲಿಪ್ಸ್‌ನ ಹಳೆಯ ಸಿಡಿಎಂ-4 ಥರದ, ತಟ್ಟೆ ತಿರುಗಿಸಿ ಓದುವ ಒಳಯಂತ್ರಗಳನ್ನು ಇಂದಿಗೂ ಹುಡುಕಿಕೊಂಡು ಹೋಗುವವರಿದ್ದಾರೆ, ಅವು ಅಷ್ಟು ಗಟ್ಟಿ. ಆದರೆ ಆ ಸಾಲಿನ ಯಂತ್ರಗಳ ತಯಾರಿ ನಿಂತು ಬಹಳ ಕಾಲವಾಯಿತು. ಒಂದು ಸಲ ಲೇಸರ್ ಇಲ್ಲದೆ ಕೈ ಸುಟ್ಟುಕೊಂಡವನು ಮತ್ತೆ ಅದೇ ದಾರಿಗೆ ಹೋಗಬಾರದು ಅನ್ನಿಸಿತು. ಮೆಕ್ಯಾನಿಕ್ ಕೆಲಸ ಸ್ವತಃ ಗೊತ್ತಿದ್ದವರಿಗೆ ಅದು ಒಳ್ಳೆಯ ದಾರಿಯೇ. ನನಗಲ್ಲ.

ಉಳಿದದ್ದು ಹೊಸ ಟ್ರಾನ್ಸ್‌ಪೋರ್ಟ್. ನಾನು 60 ಸಾವಿರದ ಆಸುಪಾಸು ಅಂತ ಇಟ್ಟುಕೊಂಡಿದ್ದೆ. ಎದುರಿಗೆ ಮುಖ್ಯವಾಗಿ ಎರಡು ಇದ್ದವು. ಕೇಂಬ್ರಿಡ್ಜ್ ಆಡಿಯೋದ ಸಿಎಕ್ಸ್‌ಸಿ, ಆಡಿಯೋಲ್ಯಾಬ್‌ನ 6000ಸಿಡಿಟಿ. ಪ್ರೊ-ಜೆಕ್ಟ್ ಕಂಪನಿಯದೂ ಒಂದು ನೋಡಿದ್ದೆ, ಮೇಲಿನಿಂದ ಸಿಡಿ ಇಡುವಂಥದ್ದು. ಕಣ್ಣು ಅದರ ಮೇಲೇ ನಿಂತಿತ್ತು. ಬೆಲೆ ಹೆಚ್ಚು. ಮೇಲಾಗಿ ನಮ್ಮ ಕಪಾಟಿನಲ್ಲಿ ಕೈ ಆಡಿಸಲು ಮೇಲೆ ಜಾಗವಿಲ್ಲ. ಮುಂಬಯಿಯ ಹಾಲ್‌ನಲ್ಲಿ ಇಂಥ ವಿಷಯಗಳೇ ಕೊನೆಗೆ ತೀರ್ಮಾನ ಮಾಡುವುದು.

ಆಡಿಯೋಲ್ಯಾಬ್ ಮಾಟುಂಗಾದಲ್ಲಿ ನಮ್ಮ ಪರಿಚಯದ ಮಾಮಾ ಒಬ್ಬರ ಮನೆಯಲ್ಲಿತ್ತು. ಕೇಂಬ್ರಿಡ್ಜ್ ಒಬ್ಬ ಡೀಲರ್ ಬಳಿ. ಇಬ್ಬರ ಕಡೆಗೂ ಒಂದೇ ಚೀಲ ಹೊತ್ತು ಹೋದೆ. ಚೀಲದಲ್ಲಿ ನನ್ನ ಅತಿ ಕೆಟ್ಟ ಸಿಡಿಗಳು. ಡೆಮೋಗೆ ಹೋಗುವಾಗ ಎಲ್ಲರೂ ಒಳ್ಳೆಯ ರೆಕಾರ್ಡಿಂಗ್ ಒಯ್ಯುತ್ತಾರೆ. ಟ್ರಾನ್ಸ್‌ಪೋರ್ಟ್ ನೋಡಲು ಹೋಗುವಾಗ ಕೆಟ್ಟು ಹೋದವನ್ನೇ ಒಯ್ಯಬೇಕು ಅಂತ ನನ್ನ ಅಭಿಪ್ರಾಯ. ಗೀರು ತುಂಬಿದ್ದು, ಅಂಚಿನವರೆಗೂ ಹಾಡು ತುಂಬಿರುವ ಉದ್ದದ್ದು, ಸೊಟ್ಟಗಿರುವುದು, ಹಳೆಯ ಸಿಡಿ-ಆರ್ (ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಸಿಡಿ). ಜೊತೆಗೆ ಬೇಡವಾದ ಒಂದು ಸಿಡಿಯ ಓದುವ ಮೈಗೆ ಮಾರ್ಕರ್ ಪೆನ್ನಿನಿಂದ ನಡುವಿನಿಂದ ಅಂಚಿಗೆ ಕಪ್ಪು ಗೆರೆ ಎಳೆದಿದ್ದೆ. ಒಂದು ಗೆರೆ ಒಂದು ಮಿಲಿಮೀಟರ್ ಅಗಲ, ಇನ್ನೊಂದು ಎರಡು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದರೆ ಹೋಗುತ್ತದೆ. ಆ ಮೈ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬನೇಟ್, ಗಟ್ಟಿ. ನಿಜವಾಗಿ ಜೋಪಾನ ಮಾಡಬೇಕಾದದ್ದು ಹೆಸರು ಮುದ್ರಿಸಿರುವ ಮೇಲಿನ ಮೈಯನ್ನು. ಅಂಕಿಗಳಿರುವ ಪದರ ಅದರ ಕೆಳಗೇ ಇದೆ, ಮೇಲೆ ಬರೀ ತೆಳು ವಾರ್ನಿಷ್. ಅಲ್ಲಿ ಗೀರು ಬಿದ್ದರೆ ಆ ಭಾಗ ಹೋದಂತೆಯೇ.

ಮಾಟುಂಗಾದ ಮಾಮಾ ತುಂಬ ತಾಳ್ಮೆಯವರು. ಗೆರೆ ಎಳೆದ ಸಿಡಿ ಹೊರಗೆ ತೆಗೆದಾಗ ಮಾತ್ರ “ಇದನ್ನೂ ಹಾಕಬೇಕೇನಪ್ಪಾ?” ಅಂತ ಕೇಳಿದರು. ಹಾಕಿದೆವು. ಎರಡೂ ಗೆರೆಗಳನ್ನು ಆಡಿಯೋಲ್ಯಾಬ್ ನಿರಾಯಾಸವಾಗಿ ದಾಟಿತು. ಅದು ಮುಂದೆ ಓದಿ ಕೂಡಿಟ್ಟುಕೊಂಡು ಆಮೇಲೆ ಕಳಿಸುವ ಯಂತ್ರ. ಎಡವುವ ಸಿಡಿಗೆ ಅದು ಒಳ್ಳೆಯದೇ. ಗೀರಿನ ಸಿಡಿಗಳಲ್ಲಿ ನಾನು ನೋಡಿದ ಪೆಟ್ಟಿಗೆಗಳ ಪೈಕಿ ಅದೇ ಮುಂದು. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಕೊನೆಗೆ ನಾನು ಕೊಂಡದ್ದು ಅದನ್ನಲ್ಲ.

ಅಡ್ಡ ಬಂದದ್ದು ಚೀಟಿ. ಆಡಿಯೋಲ್ಯಾಬ್‌ಗೆ ಟ್ರೇ ಇಲ್ಲ. ಸೀಳಿನಲ್ಲಿ ಸಿಡಿ ತೂರಿಸಿದರೆ ಅದೇ ಒಳಗೆ ಎಳೆದುಕೊಳ್ಳುತ್ತದೆ. ನನ್ನ ಬೈಠಕ್ ಸಿಡಿಗಳ ಮೇಲೆ ಅಂಟಿಸಿದ ಕಾಗದ ಮಳೆಗಾಲದ ತೇವಕ್ಕೆ ಅಂಚಿನಲ್ಲಿ ಎದ್ದಿದೆ. ಅಂಥದ್ದು ಒಳಗೆ ಹೋಗಿ ರೋಲರಿಗೆ ಅಂಟಿಕೊಂಡರೆ ಮುಗಿಯಿತು, ಪೆಟ್ಟಿಗೆ ಬಿಚ್ಚಲೇಬೇಕು. ಆ ಸಿಡಿಗಳನ್ನು ಹಾಕಲು ಮಾಮಾ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಚೀಟಿ ಕೀಳೋಣ ಅಂದರೆ ಅದರ ಜೊತೆ ಕೆಳಗಿನ ಪದರವೂ ಕಿತ್ತು ಬರುತ್ತದೆ, ಹಾಡೇ ಹೋಗುತ್ತದೆ. ನನ್ನ ಸಂಗ್ರಹದಲ್ಲಿ ಬೇರೆಲ್ಲೂ ಸಿಗದವು ಇವೇ. ಹಾಗಾಗಿ ಟ್ರೇ ಇರುವುದೇ ಬೇಕು ಅನ್ನುವುದು ಅಲ್ಲೇ ಗಟ್ಟಿಯಾಯಿತು.

ಕೇಂಬ್ರಿಡ್ಜ್‌ನ ಸಿಎಕ್ಸ್‌ಸಿಯಲ್ಲಿ ಟ್ರೇ ಇದೆ. ಗೆರೆಯ ಸಿಡಿಯನ್ನು ಅದೂ ಓದಿತು. ಅತಿ ಹೆಚ್ಚು ಗೀರಿದ್ದ ಒಂದರಲ್ಲಿ ಮಾತ್ರ ಒಂದು ಕಡೆ ತಡವರಿಸಿತು. ಅಲ್ಲಿ ನನಗೆ ಹಿಡಿಸಿದ ಇನ್ನೊಂದು ವಿಷಯ ಸದ್ದಿಲ್ಲದಿರುವುದು. ಕಂಪ್ಯೂಟರಿನ ಸಿಡಿ-ರಾಮ್ ಡ್ರೈವ್ ಬಳಸುವ ಯಂತ್ರಗಳು ಜೋರಾಗಿ ತಿರುಗುತ್ತವೆ, ಸುಯ್ ಅನ್ನುವ ಸದ್ದು ಬರುತ್ತದೆ. ಲ್ಯಾಮಿಂಗ್ಟನ್ ರೋಡಿನ ಡಿವಿಡಿ ಪ್ಲೇಯರ್‌ನದೂ ಇದೇ ಕಥೆ. ದೊಡ್ಡ ಮನೆಯವರಿಗೆ ಇದು ಲೆಕ್ಕಕ್ಕಿಲ್ಲ. ನಮ್ಮ ಹಾಲ್‌ನಲ್ಲಿ ನಾನು ಕೂರುವ ಜಾಗಕ್ಕೂ ಕಪಾಟಿಗೂ ಎರಡು ಮೀಟರ್ ಕೂಡ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆಲಾಪ ಕೇಳುತ್ತೇನೆ. ಆಲಾಪ ಶುರುವಾಗುವ ಮೊದಲು ತಂಬೂರಿ ಮಾತ್ರ ಇರುತ್ತದಲ್ಲ, ಆಗ ಪೆಟ್ಟಿಗೆಯ ಸುಯ್ ಕೇಳಿದರೆ ತಂಬೂರಿಯ ಗುಂಗೇ ಒಡೆಯುತ್ತದೆ. ದುಬಾರಿ ಬಿಡಿಭಾಗಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಇದರ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ.

ಹಾಡುಗಳ ನಡುವೆ ಬಿಡುವು ಬರುತ್ತದೋ ಇಲ್ಲವೋ ಅಂತಲೂ ನೋಡಿದೆ. ಖಯಾಲ್ ಸಿಡಿಗಳಲ್ಲಿ ವಿಲಂಬಿತ್ ಒಂದು ಟ್ರ್ಯಾಕ್, ದ್ರುತ್ ಇನ್ನೊಂದು. ಆದರೆ ಗಾಯಕರು ನಿಲ್ಲಿಸಿರುವುದಿಲ್ಲ, ತಬಲಾ ಲಯ ಏರಿಸಿ ನೇರ ಒಳಗೆ ಹೋಗುತ್ತಾರೆ. ಕೆಲವು ಡಿವಿಡಿ ಪ್ಲೇಯರ್‌ಗಳು ಅಲ್ಲಿ ಅರ್ಧ ಕ್ಷಣ ನಿಲ್ಲುತ್ತವೆ, ಸಮ್ (ತಾಳದ ಮೊದಲ ಪೆಟ್ಟು) ತಪ್ಪಿದಂತಾಗುತ್ತದೆ. ನಾನು ನೋಡಿದ ಎರಡು ಟ್ರಾನ್ಸ್‌ಪೋರ್ಟ್‌ಗಳಲ್ಲೂ ಈ ತೊಂದರೆ ಇರಲಿಲ್ಲ.

ಇಷ್ಟಾದ ಮೇಲೂ ಅಂಕಿಯ ಪ್ರಶ್ನೆ ಉಳಿದಿತ್ತು. ಅಂಧೇರಿಯ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುವ ಗೆಳೆಯ ಇದ್ದಾನೆ, ಮಂಗಳೂರಿನವನು. ಅವನಿಗೆ ನನ್ನ ಗೊಂದಲ ಹೇಳಿದೆ. “ಕಿವಿಯಲ್ಲಿ ಯಾಕೆ ಕುಸ್ತಿ ಮಾರಾಯ, ಕಳೆದು ನೋಡುವಾ” ಅಂದ. ಕಳೆಯುವುದು ಅಂದರೆ ಹೀಗೆ. ಮೊದಲು ಲ್ಯಾಪ್‌ಟಾಪಿನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ತಂತ್ರಾಂಶದಿಂದ ಸಿಡಿಯ ನಕಲು ಮಾಡಿಕೊಳ್ಳಬೇಕು. ಅನುಮಾನ ಬಂದ ಕಡೆ ಮತ್ತೆ ಮತ್ತೆ ಓದಿ ಖಾತ್ರಿ ಮಾಡಿಕೊಳ್ಳುವುದು ಅದರ ಗುಣ. ಬೇರೆಯವರು ಅದೇ ಸಿಡಿಯಿಂದ ಮಾಡಿದ ನಕಲಿನ ಜೊತೆ ತಾಳೆ ನೋಡುವ ಅಕ್ಯುರೇಟ್‌ರಿಪ್ ಅನ್ನುವ ಪಟ್ಟಿಯೂ ಇದೆ. ನನ್ನ ಸಿಡಿಗಳಲ್ಲಿ ಕೆಲವು ಆ ಪಟ್ಟಿಯಲ್ಲಿ ಇರಲಿಲ್ಲ. ಅವನ್ನು ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ ಓದಿಸಿ ಹೋಲಿಸಿದೆವು. ಆಮೇಲೆ ಟ್ರಾನ್ಸ್‌ಪೋರ್ಟ್‌ನ ಕೋಆಕ್ಸಿಯಲ್ ತಂತಿಯನ್ನು ಸ್ಟುಡಿಯೋದ ಇಂಟರ್‌ಫೇಸ್‌ಗೆ (ಕಂಪ್ಯೂಟರಿಗೆ ದನಿ ಸೇರಿಸುವ ಪೆಟ್ಟಿಗೆಗೆ) ಕೊಟ್ಟು, ಅದರ ಕ್ಲಾಕನ್ನು, ಅಂದರೆ ಅಂಕಿಗಳಿಗೆ ತಾಳ ಹಾಕುವ ಗಡಿಯಾರವನ್ನು, ಒಳಗೆ ಬರುತ್ತಿರುವ ಸಿಗ್ನಲ್‌ಗೇ ಕಟ್ಟಿ, 44.1ರಲ್ಲಿ ಹಾಗೇ ರೆಕಾರ್ಡ್ ಮಾಡಬೇಕು. ಎರಡನ್ನೂ ಒಂದರ ಕೆಳಗೆ ಒಂದು ಇಟ್ಟು, ಒಂದು ಮಾದರಿಯೂ ಆಚೀಚೆ ಆಗದಂತೆ ಹೊಂದಿಸಿ, ಒಂದನ್ನು ತಲೆಕೆಳಗು ಮಾಡಿ ಕೂಡಿಸಬೇಕು. ಎರಡೂ ಒಂದೇ ಆಗಿದ್ದರೆ ಉಳಿಯುವುದು ಸೊನ್ನೆ. ಪೂರ್ತಿ ಮೌನ.

ಶುದ್ಧವಾದ ಸಿಡಿಗಳಲ್ಲಿ ಡಿವಿಡಿ ಪ್ಲೇಯರ್‌ಗೂ ಸೊನ್ನೆಯೇ ಬಂತು, ಡೀಲರ್ ಒಂದೆರಡು ದಿನಕ್ಕೆ ಕೊಟ್ಟಿದ್ದ ಕೇಂಬ್ರಿಡ್ಜ್‌ಗೂ ಸೊನ್ನೆಯೇ ಬಂತು. ನನಗೆ ಅಲ್ಲಿಯೇ ದೊಡ್ಡ ಉತ್ತರ ಸಿಕ್ಕಿತು. ಗೀರಿನ ಸಿಡಿಗಳಲ್ಲಿ ಕಥೆ ಬೇರೆ. ಡಿವಿಡಿ ಪ್ಲೇಯರ್‌ನದನ್ನು ಕಳೆದಾಗ ತೆರೆಯ ಮೇಲೆ ಸೊನ್ನೆಯ ಗೆರೆಯಲ್ಲಿ ಅಲ್ಲಲ್ಲಿ ಸಣ್ಣ ಮುಳ್ಳುಗಳು ಎದ್ದು ನಿಂತವು. ಕಿವಿಗೆ ಅಲ್ಲಿ ಏನೂ ಹಾರಿದಂತೆ ಅನ್ನಿಸಿರಲಿಲ್ಲ. ಪ್ಲೇಯರ್ ಊಹೆ ಮಾಡಿ ತುಂಬಿದ ಜಾಗಗಳು ಅವು. ಕೇಂಬ್ರಿಡ್ಜ್‌ನಲ್ಲಿ ಅದೇ ಸಿಡಿಗೆ ಮುಳ್ಳುಗಳು ಬಹಳ ಕಡಿಮೆ. ಆಮೇಲೆ ಆ ಸಿಡಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿದೆವು. ಮುಳ್ಳುಗಳು ಇನ್ನೂ ಕಡಿಮೆಯಾದವು. ಎಷ್ಟೋ ಕಡೆ ಗೀರು ಅಂದುಕೊಂಡದ್ದು ಜಿಡ್ಡಾಗಿತ್ತು.

ಹಾಗಾದರೆ ಜಿಟರ್ ಅನ್ನುತ್ತಾರಲ್ಲ, ಅದೇನು? ಅಂಕಿ ಸರಿಯಿದ್ದರೂ ಅದು ಬರುವ ಸಮಯದಲ್ಲಿ ಅತಿ ಸಣ್ಣ ಹೆಚ್ಚುಕಡಿಮೆ ಇರಬಹುದು. ಕಳೆದು ನೋಡುವ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಆ ಹೆಚ್ಚುಕಡಿಮೆ ಸಂಗೀತದೊಳಕ್ಕೆ ಹೋಗುತ್ತದೋ ಇಲ್ಲವೋ ಅನ್ನುವುದು ಡ್ಯಾಕ್ ಮೇಲೆ ಹೋಗುತ್ತದೆ. ಹಳೆಯ ಡ್ಯಾಕ್‌ಗಳು ಒಳಗೆ ಬಂದ ಸಿಗ್ನಲ್‌ನ ತಾಳವನ್ನೇ ಹಿಡಿದು ನಡೆಯುತ್ತಿದ್ದವು. ಈಗಿನ ಬಹಳಷ್ಟು ಡ್ಯಾಕ್‌ಗಳು, ಉದಾಹರಣೆಗೆ ಇಎಸ್‌ಎಸ್ ಕಂಪನಿಯ ಸೇಬರ್ ಚಿಪ್ ಇರುವವು, ತಮ್ಮದೇ ತಾಳಕ್ಕೆ ಅಂಕಿಗಳನ್ನು ಕೂರಿಸಿಕೊಳ್ಳುತ್ತವೆ. ನನ್ನದು ಅಂಥದ್ದೇ.

ಆದರೂ ಕಿವಿಯಿಂದ ನೋಡದೆ ಬಿಡಲಾಗಲಿಲ್ಲ. ಒಂದೇ ಸಿಡಿಯ ಎರಡು ಪ್ರತಿ ನನ್ನ ಬಳಿ ಇದ್ದವು. ಒಂದು ಡಿವಿಡಿ ಪ್ಲೇಯರ್‌ನಲ್ಲಿ, ಒಂದು ಕೇಂಬ್ರಿಡ್ಜ್‌ನಲ್ಲಿ. ಒಂದು ಕೋಆಕ್ಸಿಯಲ್, ಇನ್ನೊಂದು ಆಪ್ಟಿಕಲ್. ನನ್ನ ಹೆಂಡತಿ ರಿಮೋಟ್ ಹಿಡಿದು ತನಗೆ ಬೇಕಾದಂತೆ ಬದಲಿಸುತ್ತಾ ಕಾಗದದಲ್ಲಿ ಬರೆದುಕೊಂಡಳು. ನಾನು ಕಣ್ಣು ಮುಚ್ಚಿ ಯಾವುದು ಅಂತ ಹೇಳಿದೆ. ಕೊನೆಗೆ ಲೆಕ್ಕ ನೋಡಿದರೆ ಸರಿಯೂ ತಪ್ಪೂ ಹೆಚ್ಚುಕಡಿಮೆ ಸಮ. “ರೀ, ಒಂದು ಕಡೆ ಎರಡು ಸಲ ಬದಲಿಸಲೇ ಇಲ್ಲ, ನೀವು ಬದಲಾಯ್ತು ಅಂದ್ರಿ” ಅಂದಳು. ಸ್ಪೀಕರ್, ಆಂಪ್ಲಿಫೈಯರ್, ಡ್ಯಾಕ್ ಎಲ್ಲ ಅವೇ ಇದ್ದು, ಸಿಡಿ ಶುದ್ಧವಾಗಿದ್ದರೆ ನನ್ನ ಮನೆಯಲ್ಲಿ ಟ್ರಾನ್ಸ್‌ಪೋರ್ಟ್ ಬದಲಿಸಿದ್ದು ಕಿವಿಗೆ ಗೊತ್ತಾಗುವುದಿಲ್ಲ. ಇದು ನನ್ನ ಖಚಿತ ಅಭಿಪ್ರಾಯ. ಟ್ರಾನ್ಸ್‌ಪೋರ್ಟ್‌ಗೆ ದುಡ್ಡು ಕೊಡುವುದು ಚೆನ್ನಾಗಿ ಓದಲಿ, ಸದ್ದು ಮಾಡದಿರಲಿ, ನಡುವೆ ನಿಲ್ಲದಿರಲಿ, ಬಹಳ ಕಾಲ ಬಾಳಲಿ ಅಂತ. ಅಷ್ಟಕ್ಕೆ ಅದು ಬೆಲೆ ಬಾಳುತ್ತದೆ.

ಸಿಎಕ್ಸ್‌ಸಿ ಕೊಂಡೆ. ಡೀಲರ್ ಜೊತೆಗೊಂದು ದುಬಾರಿ ಡಿಜಿಟಲ್ ತಂತಿ ಕೊಡಲು ನೋಡಿದ. ಬೇಡ ಅಂದೆ. ಕೋಆಕ್ಸಿಯಲ್‌ಗೆ ಬೇಕಾದದ್ದು 75 ಓಮ್ ತಂತಿ. ಆರ್‌ಜಿ-59 ಅಂತ ವಿಡಿಯೋಗೆ ಬಳಸುವ ತಂತಿ 75 ಓಮಿನದೇ. ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಮೀಟರ್ ಕೊಂಡು, ಎರಡೂ ತುದಿಗೆ ಆರ್‌ಸಿಎ ಪ್ಲಗ್ ಬೆಸುಗೆ ಹಾಕಿಸಿಕೊಂಡೆ. ಲ್ಯಾಪ್‌ಟಾಪ್ ಕೂಡ ಜೋಡಿಸಿದಾಗ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಬರುವವರು ಆಪ್ಟಿಕಲ್ ಬಳಸಿ ನೋಡಬಹುದು. ಅದರಲ್ಲಿ ಹೋಗುವುದು ಬೆಳಕು, ಕರೆಂಟಿನ ಸಂಬಂಧವೇ ಇರುವುದಿಲ್ಲ. ನನಗೆ ಅದರ ಅಗತ್ಯ ಬೀಳಲಿಲ್ಲ.

ಕೊಂಡ ಮೇಲೆ ಒಂದು ಸಿಡಿ ವಿಚಿತ್ರವಾಗಿ ಕೇಳಿಸಿತು. 80ರ ದಶಕದ ಕೊನೆಯದು. ಹಳೆಯ ಪ್ಲೇಯರ್‌ನಲ್ಲಿ ಮೆತ್ತಗಿದ್ದ ದನಿ ಈಗ ಚುಚ್ಚುತ್ತಿತ್ತು, ಹಾರ್ಮೋನಿಯಂ ತಗಡಿನ ಹಾಗೆ. ಮೊದಲು ಟ್ರಾನ್ಸ್‌ಪೋರ್ಟ್ ಮೇಲೆ ಅನುಮಾನ. ಹುಡುಕಿದರೆ ಕಾರಣ ಸಿಡಿಯಲ್ಲೇ ಇತ್ತು. ಆರಂಭದ ಕಾಲದ ಕೆಲವು ಸಿಡಿಗಳಲ್ಲಿ ಮೇಲಿನ ಸ್ವರಭಾಗವನ್ನು ಬೇಕೆಂದೇ ಎತ್ತಿ ಮುದ್ರಿಸುತ್ತಿದ್ದರು. ಪ್ರಿ-ಎಂಫಸಿಸ್ ಅಂತ ಅದಕ್ಕೆ ಹೆಸರು. ನುಡಿಸುವಾಗ ಅದನ್ನು ಅಷ್ಟೇ ಇಳಿಸಬೇಕು. ಸಿಡಿಯಲ್ಲಿ ಅದರ ಗುರುತು ಇರುತ್ತದೆ, ಹಳೆಯ ಪ್ಲೇಯರ್‌ಗಳು ಅದನ್ನು ನೋಡಿ ತಾವೇ ಇಳಿಸುತ್ತವೆ. ಈಗಿನ ಎಷ್ಟೋ ಡ್ಯಾಕ್‌ಗಳು ಆ ಗುರುತನ್ನು ಗಮನಿಸುವುದೇ ಇಲ್ಲ. ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ನೋಡಿದೆ, ಗುರುತು ಇತ್ತು. ನಕಲು ಮಾಡಿ, ಸಾಕ್ಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಇಳಿಸಿ, ಹೊಸ ಸಿಡಿಗೆ ಬರೆದುಕೊಂಡೆ. ಈಗ ದನಿ ಮೊದಲಿನಂತಿದೆ. ಹಳೆಯ ಸಿಡಿ ಜಾಸ್ತಿ ಇರುವವರು ಡ್ಯಾಕ್ ಬದಲಿಸಿದ ಮೇಲೆ ಒಂದೆರಡು ಸಿಡಿ ಮಾತ್ರ ಚುಚ್ಚಿದರೆ ಇದನ್ನು ನೋಡಿ.

ಮಳೆಗಾಲ ಕಳೆದಿದೆ. ಪೆಟ್ಟಿಗೆಗೆ ತೊಂದರೆಯಾಗಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗೋಡೆಯೇ ಬೆವರುತ್ತದೆ, ಕಪಾಟಿನಲ್ಲಿ ಸಿಲಿಕಾ ಜೆಲ್ ಚೀಲ ಇಟ್ಟು ಆಗಾಗ ಬಿಸಿ ಮಾಡಿ ಒಣಗಿಸುತ್ತೇನೆ. ಬಳಸದಿದ್ದರೂ ವಾರಕ್ಕೊಮ್ಮೆಯಾದರೂ ನುಡಿಸುತ್ತೇನೆ. ಬ್ರಷ್ ಇರುವ ಲೆನ್ಸ್ ಕ್ಲೀನರ್ ಸಿಡಿಗಳನ್ನು ಹಾಕುವುದಿಲ್ಲ. ಮಾಟುಂಗಾದ ಮಾಮಾ ಅದರಿಂದ ಒಂದು ಪ್ಲೇಯರ್ ಕಳೆದುಕೊಂಡಿದ್ದಾರೆ.

ಬೈಠಕ್ ಸಿಡಿ-ಆರ್‌ಗಳ ಪೈಕಿ ಕೆಲವನ್ನು ಸಿಎಕ್ಸ್‌ಸಿಯೂ ಓದುತ್ತಿಲ್ಲ. ಅದು ಯಂತ್ರದ ತಪ್ಪಲ್ಲ. ಅಂಗಡಿಯ ಸಿಡಿಯಲ್ಲಿ ಅಂಕಿಗಳು ಒತ್ತಿದ ಗುಳಿಗಳು. ಸಿಡಿ-ಆರ್‌ನಲ್ಲಿ ಲೇಸರ್ ಸುಟ್ಟ ಬಣ್ಣದ ಗುರುತುಗಳು. ಬಿಸಿಲಿಗೆ, ಸೆಕೆಗೆ ಆ ಬಣ್ಣ ಮಾಸುತ್ತದೆ. ಅವನ್ನು ಲ್ಯಾಪ್‌ಟಾಪಿನ ಡ್ರೈವ್‌ನಲ್ಲಿ ನಿಧಾನವಾಗಿ, ಮತ್ತೆ ಮತ್ತೆ ಓದಿಸಿ ಉಳಿಸುತ್ತಿದ್ದೇನೆ. ಹೆಚ್ಚಿನವು ಬಂದಿವೆ. ಕಾಕಾಗೆ ಫೋನ್ ಮಾಡಿ ಅವರ ಬಳಿ ಉಳಿದಿರುವ ಪ್ರತಿಗಳನ್ನೂ ಕೇಳಿದೆ. “ಎಲ್ಲಾ ಟ್ರಂಕಿನಾಗ ಅದಾವು, ಬಂದು ಒಯ್ಯು” ಅಂದಿದ್ದಾರೆ. ದೀಪಾವಳಿಗೆ ಧಾರವಾಡಕ್ಕೆ ಹೋದಾಗ ತರಬೇಕು. ಒಂದೇ ಬೈಠಕ್‌ನ ಎರಡು ಪ್ರತಿ ಸಿಕ್ಕರೆ ಒಂದರಲ್ಲಿ ಹಾಳಾದ ಜಾಗವನ್ನು ಇನ್ನೊಂದರಿಂದ ತುಂಬಬಹುದು ಅಂತ ಅಂಧೇರಿಯ ಗೆಳೆಯ ಹೇಳಿದ್ದಾನೆ.